ಅದುಮಿದ ಬೆಳಕು



ಭೌತವಿಜ್ಞಾನದ ಹೊಸ ಪರಿಕಲ್ಪನೆಯೊಂದು ಕನ್ನಡ ಮಾಧ್ಯಮದ ತರಗತಿಯನ್ನು ಪ್ರವೇಶಿಸಿದಾಗ ಮೊದಲು ಎದುರಾಗುವುದು ಪದದ ಪ್ರಶ್ನೆ. ‘ಸ್ಕ್ವೀಝ್ಡ್ ಲೈಟ್’ ಎಂಬುದನ್ನು ‘ಹಿಂಡಿದ ಬೆಳಕು’ ಎಂದರೆ, ಒದ್ದೆ ಬಟ್ಟೆಯಿಂದ ನೀರು ಹೊರಬಿದ್ದಂತೆ ಬೆಳಕಿನಿಂದಲೂ ಏನೋ ಹೊರಹೋಯಿತೆಂದು ವಿದ್ಯಾರ್ಥಿ ಭಾವಿಸಿಯಾನು. ವಸ್ತುಸ್ಥಿತಿ ಹಾಗಿಲ್ಲ. ‘ಅದುಮಿದ ಬೆಳಕು’ ಎಂಬುದೇ ಮೇಲು. ಜೋಳದ ಹಿಟ್ಟಿನ ಉಂಡೆಯನ್ನು ಅಂಗೈಯಿಂದ ಅದುಮಿದರೆ ದಪ್ಪ ಕುಗ್ಗಿ ಅಗಲ ಹಿಗ್ಗುತ್ತದೆ; ಹಿಟ್ಟು ಮಾತ್ರ ಕಡಿಮೆಯಾಗದು.

ಇಲ್ಲಿ ಅದುಮುವುದು ಬೆಳಕನ್ನಲ್ಲ, ಅದರ ಅನಿಶ್ಚಿತತೆಯನ್ನು. ಬೆಳಕಿನ ಅಲೆ ಎಷ್ಟು ಎತ್ತರ ಏರುತ್ತದೆ ಎಂಬುದು ಅದರ ಪಾರ. ಶಿಖರ ಯಾವ ಗಳಿಗೆಯಲ್ಲಿ ಬರುತ್ತದೆ ಎಂಬುದು ಪ್ರಾವಸ್ಥೆ. ಎರಡನ್ನೂ ಏಕಕಾಲಕ್ಕೆ ಪೂರ್ಣ ನಿಖರವಾಗಿ ನಿಗದಿಪಡಿಸಲು ಕ್ವಾಂಟಮ್ ನಿಯಮ ಎಡೆಗೊಡದು. ಅತ್ಯುತ್ತಮ ಲೇಸರಿನಲ್ಲೂ, ಬೆಳಕೇ ಇಲ್ಲದ ನಿರ್ವಾತದಲ್ಲೂ ಕನಿಷ್ಠ ಏರಿಳಿತವೊಂದು ಉಳಿದೇ ಇರುತ್ತದೆ. ಒಂದರ ಏರಿಳಿತವನ್ನು ಆ ಮಟ್ಟಕ್ಕಿಂತ ಕೆಳಗಿಳಿಸಬಹುದು. ಆಗ ಮತ್ತೊಂದರದು ಹೆಚ್ಚಲೇಬೇಕು.

1985ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ರಿಚರ್ಟ್ ಸ್ಲಷರ್ ಮತ್ತು ಸಂಗಡಿಗರು ಇದನ್ನು ಮೊದಲ ಬಾರಿಗೆ ಸಾಧಿಸಿದರು. ಅಂಗೈಯ ಕೆಲಸ ಮಾಡಿದವು ಸೋಡಿಯಂ ಪರಮಾಣುಗಳು. ಬೀದಿದೀಪದ ಹಳದಿ ಬೆಳಕಿನ ಸೋಡಿಯಂ ಇದೇ. ಎದುರುಬದುರು ಕನ್ನಡಿಗಳ ನಡುವೆ ಹಾಯುವ ಪರಮಾಣುಗಳ ಮೇಲೆ ಪ್ರಬಲ ಲೇಸರ್ ಬಿದ್ದಾಗ ಅದರ ಎರಡು ಫೋಟಾನುಗಳು ಮರೆಯಾಗಿ ಬೇರೆರಡು ಜೊತೆಯಾಗಿ ಹುಟ್ಟುತ್ತವೆ. ಒಂದರ ಆವೃತ್ತಿ ತುಸು ಹೆಚ್ಚು, ಇನ್ನೊಂದರದು ಅಷ್ಟೇ ಕಡಿಮೆ. ಈ ಅವಳಿಗಳ ಏರಿಳಿತಗಳಿಗೆ ಪರಸ್ಪರ ನಂಟುಂಟು: ಕೂಡಿಸಿ ಅಳೆದರೆ ಒಂದು ಪ್ರಾವಸ್ಥೆಯಲ್ಲಿ ಅವು ಒಂದನ್ನೊಂದು ಅಳಿಸುತ್ತವೆ, ಇನ್ನೊಂದರಲ್ಲಿ ಬಲಪಡಿಸುತ್ತವೆ. ದೊರೆತ ಇಳಿಕೆ ಸುಮಾರು 7 ಪ್ರತಿಶತ ಮಾತ್ರ. ಪರಮಾಣುಗಳು ಜೊತೆಯಿಲ್ಲದ ಫೋಟಾನುಗಳನ್ನೂ ತಮ್ಮಷ್ಟಕ್ಕೆ ಸೂಸುವುದರಿಂದ ಈ ನಂಟು ಕೆಡುತ್ತದೆ. ಕನ್ನಡಿ ತುಸು ಬೆಳಕನ್ನು ನುಂಗಿದರೂ ಅಷ್ಟೇ. ಆ ತೆರವಿಗೆ ನಿರ್ವಾತದ ಏರಿಳಿತ ನುಗ್ಗುತ್ತದೆ. ಮರುವರ್ಷ ಟೆಕ್ಸಾಸಿನಲ್ಲಿ ಜೆಫ್ ಕಿಂಬಲ್ ಬಳಗವು ಪರಮಾಣುಗಳ ಬದಲು ಹರಳನ್ನು ಬಳಸಿ 50 ಪ್ರತಿಶತಕ್ಕೂ ಮಿಕ್ಕಿದ ಇಳಿಕೆಯನ್ನು ತೋರಿಸಿತು.

ಇದರಿಂದ ಉಪಯೋಗವೇನೆಂದು ಮಕ್ಕಳು ಕೇಳದಿರರು. ಗುರುತ್ವ ಅಲೆ ಹಾದಾಗ ಲೈಗೋ ವೀಕ್ಷಣಾಲಯದ 4 ಕಿಲೋಮೀಟರ್ ಉದ್ದದ ಬಾಹುಗಳಲ್ಲಾಗುವ ಬದಲಾವಣೆ ಪ್ರೋಟಾನಿನ ಗಾತ್ರಕ್ಕಿಂತಲೂ ಬಹಳ ಕಿರಿದು. ಅದನ್ನಳೆಯಲು ಬೆಳಕಿನ ಸ್ವಂತ ಏರಿಳಿತವೇ ಅಡ್ಡಿ. ಅದುಮಿದ ನಿರ್ವಾತವನ್ನು ಇಂಥ ಉಪಕರಣದೊಳಗೆ ಬಿಡಬಹುದೆಂದು ಕಾರ್ಲ್‌ಟನ್ ಕೇವ್ಸ್ 1981ರಲ್ಲೇ ಸೂಚಿಸಿದ್ದರು. 2019ರಲ್ಲಿ ಆರಂಭವಾದ ವೀಕ್ಷಣಾವಧಿಯಿಂದ ಲೈಗೋ ಅದನ್ನು ಬಳಸುತ್ತಿದೆ. ಅಲ್ಲಿಯೂ ಉಂಡೆಯ ಹಿಗ್ಗಿದ ಅಗಲ ಸುಮ್ಮನಿರಲಿಲ್ಲ. ಪ್ರಾವಸ್ಥೆಯ ಏರಿಳಿತವನ್ನು ಅದುಮಿದಾಗ ಹೆಚ್ಚಿದ ಪಾರದ ಏರಿಳಿತವು 40 ಕಿಲೋಗ್ರಾಂ ತೂಕದ ಕನ್ನಡಿಗಳನ್ನೇ ಅಲುಗಿಸುವುದು 2020ರಲ್ಲಿ ಅಳತೆಗೆ ಸಿಕ್ಕಿತು.