ಅಳೆದು ಪಡೆಯುವವರು ಅಳೆದು ಕೊಡಲಿ
(ಕೇಶ್ವಾಪುರದಲ್ಲಿ ನೀಡಿದ ಜುಮಾ ಪ್ರವಚನದ ಸಾರಾಂಶ)



ನಮ್ಮ ಪಕ್ಕದ ಬೆಂಗೇರಿಯಲ್ಲಿ ರಾಷ್ಟ್ರಧ್ವಜ ತಯಾರಾಗುತ್ತದೆ. 1957ರಲ್ಲಿ ಸ್ಥಾಪನೆಯಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದ ಕೆಲಸವದು. ಬಾಗಲಕೋಟೆ ಜಿಲ್ಲೆಯ ತುಳಸಿಗೇರಿಯಲ್ಲಿ ನೇಯ್ದ ಬಟ್ಟೆ ಇಲ್ಲಿಗೆ ಬರುತ್ತದೆ. ಬಣ್ಣ ಹಾಕುವವರು ಒಬ್ಬರು, ಚಕ್ರ ಅಚ್ಚು ಹಾಕುವವರು ಇನ್ನೊಬ್ಬರು, ಹೊಲಿಯುವವರು ಮತ್ತೊಬ್ಬರು. ಕೆಲಸಗಾರರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಬಾವುಟದ ಅಳತೆ 3:2 ಇರಬೇಕು, ಚಕ್ರದ 24 ಅರಗಳು ಎರಡೂ ಬದಿಯಲ್ಲಿ ಸರಿಯಾಗಿ ಹೊಂದಬೇಕು. ಹೊಲಿಗೆ ಎಷ್ಟೇ ಚೆಂದವಿರಲಿ, ಬಣ್ಣ ಕೆಟ್ಟಿದ್ದರೆ ಆ ಬಾವುಟ ಹಾರಿಸಲು ಬರುವುದಿಲ್ಲ. ಆದ್ದರಿಂದ ಅಲ್ಲಿ "ನನ್ನ ಕೆಲಸ ನಾನು ಮಾಡಿದೆ, ಉಳಿದದ್ದು ನನಗೇಕೆ" ಎಂದು ಯಾರೂ ಹೇಳುವಂತಿಲ್ಲ.

ನಮ್ಮ ಅಂಗಡಿ, ಗ್ಯಾರೇಜು, ಕಚೇರಿಗಳಲ್ಲಿಯೂ ಮಾತು ಇದೇ. ಆದರೆ ಜೊತೆಗೆ ಕೆಲಸ ಮಾಡುವವರನ್ನು ನಾವು ಹೇಗೆ ಕಾಣುತ್ತಿದ್ದೇವೆ?

ನಮ್ಮಲ್ಲಿ ಒಂದು ನೋವು ಇದೆ. ಹೆಸರು ಕೇಳಿದೊಡನೆ ಕೆಲಸ ಇಲ್ಲ ಎನ್ನುತ್ತಾರೆ, ಬಾಡಿಗೆಗೆ ಮನೆ ಇಲ್ಲ ಎನ್ನುತ್ತಾರೆ ಎಂದು ನಮ್ಮ ಯುವಕರು ಹೇಳುತ್ತಾರೆ. ಅದು ಅನ್ಯಾಯವೇ ಸರಿ. ಅದನ್ನು ಕೇಳುವ ಹಕ್ಕು ನಮಗಿದೆ. ಆದರೆ ನಮ್ಮದೇ ಅಂಗಡಿಗೆ ಬೇರೆ ಧರ್ಮದ ಹುಡುಗ, ಬೇರೆ ರಾಜ್ಯದ ಹುಡುಗ ಕೆಲಸ ಕೇಳಿ ಬಂದಾಗ "ನಮ್ಮವರು ಯಾರಾದರೂ ಸಿಗಲಿ" ಎಂದು ನಾವು ಕಳಿಸಿಬಿಡುವುದಿಲ್ಲವೇ? ಪವಿತ್ರ ಕುರ್‌ಆನ್‌ನ 83ನೇ ಅಧ್ಯಾಯ ಆರಂಭವಾಗುವುದೇ ಒಂದು ಎಚ್ಚರಿಕೆಯಿಂದ. ಜನರಿಂದ ಪಡೆಯುವಾಗ ಪೂರ್ತಿ ಅಳೆಸಿಕೊಂಡು, ಕೊಡುವಾಗ ಕಡಿಮೆ ಅಳೆಯುವವರಿಗೆ ಅಲ್ಲಿ ನಾಶದ ಎಚ್ಚರಿಕೆಯಿದೆ. ಆ ತಕ್ಕಡಿ ಅಕ್ಕಿ ಬೇಳೆಗೆ ಮಾತ್ರ ಎಂದುಕೊಳ್ಳಬೇಡಿ. ಗೌರವಕ್ಕೂ ಅವಕಾಶಕ್ಕೂ ತಕ್ಕಡಿ ಅದೇ.

ಪ್ರವಾದಿವರ್ಯರ(ಸ) ಮದೀನಾದ ಮಸೀದಿಯನ್ನು ನೋಡಿ. ಅಲ್ಲಿ ಅಝಾನ್ ಕೊಡಲು ಇಬ್ಬರಿದ್ದರು. ಹಝ್ರತ್ ಬಿಲಾಲ್(ರ), ಅಬಿಸೀನಿಯಾ ಮೂಲದವರು, ಗುಲಾಮಗಿರಿಯಿಂದ ಬಿಡುಗಡೆಯಾದವರು. ಇನ್ನೊಬ್ಬರು ಹಝ್ರತ್ ಇಬ್ನ್ ಉಮ್ಮಿ ಮಕ್ತೂಮ್(ರ), ಕಣ್ಣು ಕಾಣದವರು. ರಮಝಾನ್‌ನಲ್ಲಿ ಬಿಲಾಲರು ಇರುಳು ಇರುವಾಗಲೇ ಕೂಗುತ್ತಿದ್ದರು. ಉಪವಾಸ ಆರಂಭಿಸಬೇಕಾದ ಸಮಯ ತಿಳಿಯುತ್ತಿದ್ದದ್ದು ಇಬ್ನ್ ಉಮ್ಮಿ ಮಕ್ತೂಮರ ಅಝಾನ್‌ನಿಂದ. ಬೆಳಗಾದದ್ದು ಅವರಿಗೆ ಹೇಗೆ ಗೊತ್ತಾಗಬೇಕು? ಜನರು "ಬೆಳಗಾಯಿತು" ಎಂದು ಹೇಳುತ್ತಿದ್ದರು, ಅವರು ಅಝಾನ್ ಕೊಡುತ್ತಿದ್ದರು. ಕಣ್ಣಿಲ್ಲದವರು ಎಂದು ಕನಿಕರ ತೋರಿಸಿ ಮೂಲೆಯಲ್ಲಿ ಕೂರಿಸಲಿಲ್ಲ. ಇಡೀ ಊರು ಕಾಯುವಂಥ ಹೊಣೆ ಕೊಟ್ಟರು. ಅವರಲ್ಲಿ ಇಲ್ಲದ್ದನ್ನು ಪಕ್ಕದವರು ಒದಗಿಸಿದರು. ಜೊತೆಗೂಡಿ ಕೆಲಸ ಮಾಡುವುದೆಂದರೆ ಇದು. ಇಂದು ಸರಕಾರಿ ನೌಕರಿಯಲ್ಲಿ ಅಂಗವಿಕಲರಿಗೆ ಶೇ. 4 ಮೀಸಲಾತಿ ಇದೆ, 2016ರ ಕಾಯ್ದೆ ಕೊಟ್ಟದ್ದು. ನಮ್ಮ ಅಂಗಡಿಯ ಗಲ್ಲೆಯಲ್ಲಿ ಕೂತು ಲೆಕ್ಕ ಬರೆಯಲು ಕಾಲಿನ ಬಲ ಬೇಕೇ?

ಇನ್ನು ಕೆಲವು ದಿನನಿತ್ಯದ ಮಾತುಗಳು.

ಒಂದು, ಭಾಷೆ. ಮೂವರು ಇರುವಲ್ಲಿ ಒಬ್ಬನನ್ನು ಬಿಟ್ಟು ಇಬ್ಬರು ಗುಟ್ಟು ಮಾತಾಡಬಾರದು, ಅದು ಅವನಿಗೆ ನೋವು ಕೊಡುತ್ತದೆ ಎಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ನಾಲ್ವರು ಉರ್ದು ಮಾತಾಡುವವರ ನಡುವೆ ಒಬ್ಬ ಕನ್ನಡದ ಹುಡುಗ ಇದ್ದಾಗ, ಕೆಲಸದ ಮಾತನ್ನೂ ಉರ್ದುವಿನಲ್ಲೇ ಆಡಿದರೆ ಅವನ ಪಾಲಿಗೆ ಅದು ಗುಟ್ಟೇ. ಕನ್ನಡ ನಮಗೆಲ್ಲ ಬರುತ್ತದೆ, ಆಡೋಣ.

ಎರಡು, ಸಮಯ. ಶುಕ್ರವಾರ ನೀವು ಜುಮಾಕ್ಕೆ ಬರುವಾಗ ನಿಮ್ಮ ಕೌಂಟರ್ ನೋಡಿಕೊಳ್ಳುವವನು ಯಾರು? ಅವನ ಯುಗಾದಿಗೆ, ದೀಪಾವಳಿಗೆ, ಕ್ರಿಸ್‌ಮಸ್‌ಗೆ ನೀವಾಗಿಯೇ ಹೋಗಿ "ಇವತ್ತು ನನ್ನ ಪಾಳಿ, ನೀನು ಮನೆಗೆ ಹೋಗು" ಎನ್ನಿ. ಅವನು ಕೇಳುವವರೆಗೆ ಕಾಯಬೇಡಿ.

ಮೂರು, ಹೆಣ್ಣುಮಕ್ಕಳು. ಒಂದೇ ಕೆಲಸಕ್ಕೆ ಹೆಣ್ಣು ಎಂಬ ಕಾರಣಕ್ಕೆ ಕಡಿಮೆ ಪಗಾರ ಕೊಡುವುದು ಕಾನೂನಿಗೂ ವಿರುದ್ಧ, ದೀನಿಗೂ ವಿರುದ್ಧ. 10 ಜನ ಅಥವಾ ಅದಕ್ಕಿಂತ ಹೆಚ್ಚು ಮಂದಿ ಕೆಲಸ ಮಾಡುವಲ್ಲಿ ಮಹಿಳೆಯರ ದೂರು ಕೇಳಲು ಆಂತರಿಕ ಸಮಿತಿ ಇರಬೇಕೆಂದು 2013ರ ಕಾಯ್ದೆ ಹೇಳುತ್ತದೆ. ಮಾಲೀಕರೇ, ನಿಮ್ಮಲ್ಲಿ ಇದೆಯೇ? ಶೌಚಾಲಯವಾದರೂ ಇದೆಯೇ?

ನಾಲ್ಕು, ಕೆಲಸ ಕಲಿಸುವುದು. ಕಲಿತರೆ ನನ್ನ ಬೆಲೆ ಹೋಗುತ್ತದೆ ಎಂದು ಹೊಸಬನಿಗೆ ಕೆಲಸದ ಮರ್ಮ ಬಚ್ಚಿಡುವ ಉಸ್ತಾದರು ಇದ್ದಾರೆ. ರಿಝ್ಕ್ ಕೊಡುವವನು ಅಲ್ಲಾಹನು. ಶಿಷ್ಯ ಅದನ್ನು ಕಸಿದುಕೊಳ್ಳಲಾರ. ಹಾಗೆಯೇ ಹುಡುಗ ಮಾಡಿದ ಕೆಲಸವನ್ನು ಗಿರಾಕಿಯ ಮುಂದೆ ನಿಮ್ಮದೆಂದು ಹೇಳಿಕೊಳ್ಳಬೇಡಿ. ಬೆವರು ಆರುವ ಮುನ್ನ ಕೂಲಿ ಕೊಡಿ ಎಂದಿದ್ದಾರೆ ಪ್ರವಾದಿವರ್ಯರು(ಸ). ಶಹಬ್ಬಾಸ್ ಎನ್ನುವ ಮಾತೂ ಆ ಕೂಲಿಯ ಒಂದು ಭಾಗ.

ಎಲ್ಲರನ್ನೂ ಒಳಗೆ ಕರೆಯುವುದೆಂದರೆ ನಮ್ಮ ನಂಬಿಕೆ ಬಿಟ್ಟುಕೊಡುವುದು ಎಂದು ಕೆಲವರು ಹೆದರುತ್ತಾರೆ. ಹಿಜ್ರತ್‌ನ ಪ್ರಯಾಣದಲ್ಲಿ, ವೈರಿಗಳು ಬೆನ್ನಟ್ಟಿದ್ದ ಹೊತ್ತಿನಲ್ಲಿ, ಪ್ರವಾದಿವರ್ಯರು(ಸ) ದಾರಿ ತೋರಿಸಲು ನೇಮಿಸಿಕೊಂಡದ್ದು ಮುಸ್ಲಿಮನಲ್ಲದ ಅಬ್ದುಲ್ಲಾ ಬಿನ್ ಉರೈಕಿತ್‌ನನ್ನು. ದಾರಿ ಬಲ್ಲವನು, ನಂಬಿಗಸ್ತ, ಅಷ್ಟು ಸಾಕಾಗಿತ್ತು. ಅವನು ನಂಬಿಕೆ ಉಳಿಸಿಕೊಂಡ, ಅವರು ಸುರಕ್ಷಿತವಾಗಿ ಮದೀನಾ ಸೇರಿದರು.

ಬರುವ ಜುಮಾದೊಳಗೆ ಪ್ರತಿಯೊಬ್ಬರೂ ಒಂದು ಕೆಲಸ ಮಾಡಿ. ನೀವು ದುಡಿಯುವ ಜಾಗದಲ್ಲಿ ಯಾರು ಒಬ್ಬರೇ ಕೂತು ಊಟ ಮಾಡುತ್ತಾರೆ ನೋಡಿ, ನಿಮ್ಮ ಡಬ್ಬಿ ತೆಗೆದುಕೊಂಡು ಅವರ ಪಕ್ಕ ಹೋಗಿ ಕೂರಿ.

ಕೊಡುವಾಗಲೂ ಪಡೆಯುವಾಗಲೂ ಒಂದೇ ತಕ್ಕಡಿ ಹಿಡಿಯುವ ತೌಫೀಕನ್ನು ಅಲ್ಲಾಹನು ನಮಗೆಲ್ಲ ದಯಪಾಲಿಸಲಿ. ಆಮೀನ್.