ಫ್ರಾನ್ಸಿನ ಪಾಲಿಟೆಕ್ನಿಕ್ ವಿದ್ಯಾಲಯ
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಕನ್ನಡ ಸಂಘದ ಉತ್ಸವದಲ್ಲಿ ಫ್ರಾನ್ಸಿನ ಒಂದು ಇಂಜಿನಿಯರಿಂಗ್ ವಿದ್ಯಾಲಯದ ಮಾತೇಕೆ ಎಂದು ತಮ್ಮಲ್ಲಿ ಕೆಲವರಿಗೆ ತೋರಬಹುದು. ವಿದ್ಯೆಯ ಬಾಗಿಲು ಯಾರಿಗೆ ತೆರೆಯುತ್ತದೆ, ಯಾರಿಗೆ ಮುಚ್ಚುತ್ತದೆ ಎಂಬ ಪ್ರಶ್ನೆಯು ಎಲ್ಲ ನಾಡುಗಳಿಗೂ ಸಮಾನವಾದುದು. ಪ್ಯಾರಿಸ್ಸಿನ 'ಎಕೋಲ್ ಪಾಲಿಟೆಕ್ನಿಕ್' ವಿದ್ಯಾಲಯದ ಚರಿತ್ರೆಯಲ್ಲಿ ಈ ಪ್ರಶ್ನೆಯ ಎರಡು ಮುಖಗಳೂ ಕಾಣುತ್ತವೆ. ಆದುದರಿಂದ ಈ ವಿಷಯವನ್ನು ಆರಿಸಿಕೊಂಡೆನು.

ಈ ವಿದ್ಯಾಲಯದ ಸ್ಥಾಪಕರಲ್ಲಿ ಪ್ರಮುಖನಾದ ಗ್ಯಾಸ್ಪಾರ್ ಮೊಂಜನು ಬೋನ್ ಎಂಬ ಊರಿನ ಸಣ್ಣ ವ್ಯಾಪಾರಿಯೊಬ್ಬನ ಮಗ. ಅರಸರ ಕಾಲದಲ್ಲಿ ಮೆಝಿಯೇರ್ ಎಂಬಲ್ಲಿ ಸೈನ್ಯದ ಇಂಜಿನಿಯರಿಂಗ್ ಶಾಲೆಯಿದ್ದಿತು. ಕುಲೀನ ಮನೆತನದವನಲ್ಲದ ಮೊಂಜನಿಗೆ ಅಲ್ಲಿ ಅಧಿಕಾರಿಗಳ ತರಗತಿಯಲ್ಲಿ ಎಡೆ ದೊರೆಯಲಿಲ್ಲ. ನಕ್ಷೆ ತೆಗೆಯುವ ಕೆಲಸ ಮಾತ್ರ ದೊರೆಯಿತು. ಒಮ್ಮೆ ಶತ್ರುವಿನ ಗುಂಡಿನಿಂದ ಕೋಟೆಯನ್ನು ಮರೆಮಾಡುವ ಲೆಕ್ಕವೊಂದನ್ನು ಅವನಿಗೆ ಒಪ್ಪಿಸಿದರು. ದೀರ್ಘವಾದ ಗಣನೆಯನ್ನು ಬಿಟ್ಟು ಅವನು ರೇಖೆಗಳಿಂದಲೇ ಅದನ್ನು ಬಿಡಿಸಿ ತಂದನು. ಇಷ್ಟು ಬೇಗನೆ ಅದು ಮುಗಿಯಲಾರದೆಂದು ಮೇಲಧಿಕಾರಿಯು ಮೊದಲು ನೋಡಲೂ ಒಪ್ಪಲಿಲ್ಲವಂತೆ. ಸರಿಯೆಂದು ಮನಗಂಡ ಮೇಲೆ ಆ ವಿಧಾನವನ್ನು ಸೈನಿಕ ರಹಸ್ಯವೆಂದು ಮುಚ್ಚಿಟ್ಟರು! ಘನವಸ್ತುವಿನ ಆಕಾರವನ್ನು ಕಾಗದದ ಮೇಲೆ ಕರಾರುವಾಕ್ಕಾಗಿ ತೋರಿಸುವ ಆ ವಿದ್ಯೆಯೇ ಇಂದು ನಮ್ಮ ಮಕ್ಕಳು ಕಲಿಯುವ ಇಂಜಿನಿಯರಿಂಗ್ ಡ್ರಾಯಿಂಗಿಗೆ ತಳಹದಿ.

1789ರ ಮಹಾಕ್ರಾಂತಿಯು ಆ ಬಾಗಿಲನ್ನು ಮುರಿಯಿತು. ಸುತ್ತಲೂ ಯುದ್ಧ, ರಸ್ತೆ, ಸೇತುವೆ, ಕೋಟೆಗಳನ್ನು ಕಟ್ಟಬಲ್ಲ ಇಂಜಿನಿಯರುಗಳ ಅಭಾವ. ಆಗ 1794ರಲ್ಲಿ ಮೊಂಜ್, ಲಾಝಾರ್ ಕಾರ್ನೋ ಮೊದಲಾದವರ ಪ್ರಯತ್ನದಿಂದ ಈ ವಿದ್ಯಾಲಯವು ಹುಟ್ಟಿತು. ಮರುವರ್ಷ ಅದಕ್ಕೆ ಪಾಲಿಟೆಕ್ನಿಕ್ ಎಂಬ ಹೆಸರಾಯಿತು. ಮೊದಲ ಪ್ರವೇಶ ಪರೀಕ್ಷೆಯನ್ನು ದೇಶದ 22 ಊರುಗಳಲ್ಲಿ ನಡೆಸಿದರೆಂಬುದನ್ನು ತಾವು ಗಮನಿಸಬೇಕು. ದೂರದ ಹುಡುಗನು ರಾಜಧಾನಿಯನ್ನು ಹುಡುಕಿಕೊಂಡು ಹೋಗಬೇಕಾಗಿರಲಿಲ್ಲ; ಪರೀಕ್ಷೆಯೇ ಅವನ ಬಳಿಗೆ ಬಂದಿತು. ಕುಲವನ್ನು ಕೇಳಲಿಲ್ಲ, ಗಣಿತವನ್ನು ಕೇಳಿದರು. ಆಯ್ಕೆಯಾದವರಿಗೆ ಸರ್ಕಾರವೇ ವೇತನವನ್ನು ಕೊಟ್ಟಿತು. ಲಗ್ರಾಂಜನಂತಹ ಗಣಿತಜ್ಞನೂ ಬರ್ತೊಲೆಯಂತಹ ರಸಾಯನಶಾಸ್ತ್ರಜ್ಞನೂ ಪಾಠ ಹೇಳಿದರು. ಮೆಝಿಯೇರಿನಲ್ಲಿ ಬಚ್ಚಿಟ್ಟಿದ್ದ ವಿದ್ಯೆಯನ್ನು ಮೊಂಜನು ಬಹಿರಂಗವಾಗಿ ಬೋಧಿಸಿದನು.

ಆದರೆ ತೆರೆದ ಬಾಗಿಲು ತಾನಾಗಿಯೇ ತೆರೆದಿರುವುದಿಲ್ಲ. 1804ರಲ್ಲಿ ನೆಪೋಲಿಯನ್ನನು ವಿದ್ಯಾಲಯವನ್ನು ಸೈನಿಕ ಶಿಸ್ತಿಗೆ ಒಳಪಡಿಸಿ, 'ತಾಯ್ನಾಡಿಗಾಗಿ, ವಿಜ್ಞಾನಕ್ಕಾಗಿ, ಕೀರ್ತಿಗಾಗಿ' ಎಂಬ ಧ್ಯೇಯವಾಕ್ಯವನ್ನು ಕೊಟ್ಟನು. ಅದರ ಬೆನ್ನಿಗೇ ವಿದ್ಯಾರ್ಥಿಗಳ ಮೇಲೆ ಶುಲ್ಕವೂ ಬಂದಿತು. ಕುಲದ ಅಗಳಿಯನ್ನು ತೆಗೆದ ಬಾಗಿಲಿಗೆ ಹಣದ ಅಗಳಿ ಬಿದ್ದಿತು.

ಸ್ತ್ರೀಯರಿಗಾದರೋ ಮೊದಲಿನಿಂದಲೂ ಪ್ರವೇಶವಿರಲಿಲ್ಲ. ಸೋಫೀ ಜರ್ಮೇನ್ ಎಂಬ ತರುಣಿಯು ಪಾಠದ ಟಿಪ್ಪಣಿಗಳನ್ನು ಹೇಗೋ ಸಂಪಾದಿಸಿ, 'ಲೆ ಬ್ಲಾಂ' ಎಂಬ ಗಂಡುಹೆಸರಿನಲ್ಲಿ ಲಗ್ರಾಂಜನಿಗೆ ಉತ್ತರಗಳನ್ನು ಬರೆದು ಕಳುಹಿದಳು. ನಿಜವನ್ನರಿತ ಲಗ್ರಾಂಜನು ಅವಳನ್ನು ಪ್ರೋತ್ಸಾಹಿಸಿದನು. 1816ರಲ್ಲಿ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯ ಬಹುಮಾನವು ಆಕೆಗೆ ಸಂದಿತು. ಆದರೂ ವಿದ್ಯಾಲಯವು ಹೆಣ್ಣುಮಕ್ಕಳನ್ನು ಸೇರಿಸಿಕೊಂಡುದು 1972ರಲ್ಲಿ. ಆ ಮೊದಲ ವರ್ಷವೇ ಪ್ರವೇಶ ಪರೀಕ್ಷೆಯಲ್ಲಿ ಪ್ರಥಮ ಸ್ಥಾನ ಪಡೆದವಳು ಆನ್ ಶೋಪಿನೆ ಎಂಬ ಕನ್ಯೆ! ಹೀಗೆ ಕಳೆದುಹೋದ ಒಂದೂಮುಕ್ಕಾಲು ಶತಮಾನದಲ್ಲಿ ಎಷ್ಟು ಪ್ರತಿಭೆಗಳು ಹೊಸ್ತಿಲ ಹೊರಗೇ ಬಾಡಿದುವೋ ಹೇಳಬಲ್ಲವರಾರು?

ಇನ್ನೊಂದು ಅಗಳಿಯುಂಟು, ಅದು ನಮ್ಮಂತಹವರಿಗೆ ಬೇಗನೆ ಅರ್ಥವಾಗುವಂತಹದು. ವಿದ್ಯಾಲಯವು ಹುಟ್ಟಿದ 1794ರಲ್ಲಿಯೇ ಗ್ರೆಗ್ವಾರ್ ಎಂಬ ಪಾದ್ರಿಯು ಕ್ರಾಂತಿಯ ಮಹಾಸಭೆಗೆ ಒಂದು ವರದಿಯನ್ನೊಪ್ಪಿಸಿದನು. ಕನಿಷ್ಠ 60 ಲಕ್ಷ ಪ್ರಜೆಗಳಿಗೆ ಫ್ರೆಂಚ್ ಭಾಷೆಯು ತಿಳಿಯದೆಂದು ಅವನ ಅಂದಾಜು. ಅದಕ್ಕೆ ಅವನು ಸೂಚಿಸಿದ ಪರಿಹಾರವು ಪ್ರಾಂತಗಳ ನುಡಿಗಳನ್ನು ಅಳಿಸುವುದು. ಬ್ರೆತಾನ್ಯದಲ್ಲಿಯೋ ಬಾಸ್ಕ್ ಸೀಮೆಯಲ್ಲಿಯೋ ತಾಯಿಯ ಮಾತನ್ನು ಮಾತ್ರ ಬಲ್ಲ ಹುಡುಗನಿಗೆ, ಪರೀಕ್ಷೆಯು ಸಮೀಪದ ಊರಿಗೆ ಬಂದರೂ ಪ್ರಶ್ನೆಯು ದೂರದಲ್ಲಿಯೇ ಉಳಿಯಿತು.

ಆದರೂ ಈ ವಿದ್ಯಾಲಯವು ಲೋಕಕ್ಕೆ ಕೊಟ್ಟುದು ಅಲ್ಪವಲ್ಲ. ಬೆಳಕಿನ ಅಲೆಗಳನ್ನು ವಿವರಿಸಿದ ಫ್ರೆನೆಲ್, ಉಷ್ಣಯಂತ್ರಗಳ ತತ್ತ್ವವನ್ನು ಕಂಡ ಸಾದಿ ಕಾರ್ನೋ, ಗಣಿತಜ್ಞ ಪ್ವಾಂಕಾರೆ ಇವರೆಲ್ಲರೂ ಅದರ ವಿದ್ಯಾರ್ಥಿಗಳು. 1976ರಲ್ಲಿ ಅದು ಪ್ಯಾರಿಸ್ಸಿನ ಹೊರವಲಯದ ಪಲೇಸೋ ಎಂಬಲ್ಲಿಗೆ ಸಾಗಿತು. ಇಂದಿಗೂ ಅದು ರಕ್ಷಣಾ ಖಾತೆಗೆ ಸೇರಿದುದು. ಜುಲೈ 14ರ ರಾಷ್ಟ್ರೀಯ ಉತ್ಸವದಲ್ಲಿ ಅದರ ವಿದ್ಯಾರ್ಥಿಗಳು ಎರಡು ಮೂಲೆಯ ಟೊಪ್ಪಿಗೆಯನ್ನು ಧರಿಸಿ ಸೈನ್ಯದೊಡನೆ ನಡೆಯುತ್ತಾರೆ.

ಬಂಧುಗಳೆ, ಈಗ ನಮ್ಮ ಮನೆಯಂಗಳಕ್ಕೆ ಬರೋಣ. ಇಂಜಿನಿಯರಿಂಗ್ ಶಿಕ್ಷಣದ ಅಖಿಲ ಭಾರತ ಪ್ರವೇಶ ಪರೀಕ್ಷೆಯಲ್ಲಿ 2021ರಲ್ಲಿ ಕನ್ನಡಕ್ಕೂ ಸ್ಥಾನ ದೊರೆಯಿತು. ನಾವೆಲ್ಲರೂ ಹಿಗ್ಗಿದೆವು. ಆದರೆ ಅಂದಿನ ನಿಯಮದಂತೆ ಕನ್ನಡದ ಪ್ರಶ್ನೆಪತ್ರಿಕೆಯು ಕರ್ನಾಟಕದೊಳಗಿನ ಕೇಂದ್ರಗಳಿಗೆ ಮಾತ್ರ. ಗೆರೆಯ ಈಚೆ ಕನ್ನಡ ಶಾಲೆಯಲ್ಲಿ ಓದಿದ ಮಗುವು ತನ್ನ ನುಡಿಯ ಪ್ರಶ್ನೆಯನ್ನು ಅರಸಿ ಗೆರೆಯನ್ನು ದಾಟಬೇಕಾಯಿತು. 22 ಊರುಗಳಿಗೆ ಪರೀಕ್ಷೆಯನ್ನು ಕೊಂಡೊಯ್ದವರ ಉದಾರತೆಯನ್ನು ನಾವು ಕೇಳಬೇಕು. ಭಾಷೆಯ ವಿಷಯದಲ್ಲಿ ಅವರು ಮಾಡಿದ ತಪ್ಪನ್ನು ನಮ್ಮ ದೇಶವು ಮಾಡದಿರಲೆಂದು ಹೇಳಬೇಕು. ವರ್ಷಕ್ಕೊಮ್ಮೆ ಹಾರ ತುರಾಯಿಗಳಿಂದ ಮೆರೆಯುವುದರ ಜತೆಗೆ, ಇಂತಹ ಬಾಗಿಲುಗಳನ್ನು ತಟ್ಟುವುದೂ ಸಂಘದ ಧರ್ಮವಾಗಿದೆ. ಈ ಮಕ್ಕಳಲ್ಲಿ ಯಾರು ಮೊಂಜನೋ, ಯಾರು ಸೋಫಿಯೋ, ನಾವರಿಯೆವು. ಅರಿಯದುದರಿಂದಲೇ ಎಲ್ಲರಿಗೂ ಬಾಗಿಲು ತೆರೆದಿರಬೇಕು.