ವೈದ್ಯವೃತ್ತಿಯನ್ನು ಬಯಸುವ ವಿದ್ಯಾರ್ಥಿಗೆ ಕೆಲವು ಮಾತುಗಳು

(ಶತಮಾನೋತ್ಸವದ ಅಂಗವಾಗಿ ಜರುಗಿದ ವಿದ್ಯಾರ್ಥಿ-ಪಾಲಕರ ಸಭೆಯಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣದ ಲಿಖಿತ ರೂಪ)



ನೂರು ವರ್ಷ ತುಂಬಿದ ದೇವಾಲಯದ ನೆರಳಿನಲ್ಲಿ ನಾವಿಂದು ಸೇರಿದ್ದೇವೆ. ನಿನ್ನೆ ಹಿರಿಯರನ್ನು ಗೌರವಿಸಿದೆವು. ಇಂದಿನ ದಿನ ವಿದ್ಯಾರ್ಥಿಗಳದು. ಉನ್ನತ ಶಿಕ್ಷಣವನ್ನು ಕುರಿತು ಮಾತನಾಡಬೇಕೆಂದು ಶತಮಾನೋತ್ಸವ ಸಮಿತಿಯವರು ನನ್ನನ್ನು ಕೇಳಿಕೊಂಡಿದ್ದಾರೆ. ವಿಷಯ ವಿಶಾಲವಾದುದು, ಅವಕಾಶ ಸ್ವಲ್ಪ. ಆದಕಾರಣ ಒಂದೇ ಪ್ರಶ್ನೆಯನ್ನು ನಿಮ್ಮ ಮುಂದಿಡುತ್ತೇನೆ: ವೈದ್ಯನಾಗಬೇಕೆಂದು ಒಬ್ಬ ವಿದ್ಯಾರ್ಥಿ ಬಯಸುವುದಾದರೆ, ಆ ಬಯಕೆ ಎಲ್ಲಿಂದ ಹುಟ್ಟಿರಬೇಕು?

ಈ ಪ್ರಶ್ನೆಯನ್ನು ನಾನಾಗಿ ಹುಡುಕಿಕೊಂಡು ಹೋದುದಲ್ಲ. ಅದು ನನ್ನ ಮೇಜಿನ ಮೇಲೆಯೇ ಬಂದು ಬಿದ್ದಿತು. ಪಿಯುಸಿ ಓದುತ್ತಿರುವ ನಮ್ಮ ಧರ್ಮಕೇಂದ್ರದ ಹುಡುಗಿಯೊಬ್ಬಳು ವಿದ್ಯಾರ್ಥಿವೇತನದ ಅರ್ಜಿಗೆ ನನ್ನ ಸಹಿ ಬೇಕೆಂದು ಬಂದಿದ್ದಳು. ಅವಳ ಮತ್ತು ಅವಳ ತಾಯಿಯ ಅನುಮತಿಯನ್ನು ಪಡೆದೇ ಇದನ್ನು ಹೇಳುತ್ತಿದ್ದೇನೆ. ಅರ್ಜಿಯಲ್ಲಿ ಒಂದು ಪ್ರಶ್ನೆಯಿತ್ತು: ನೀವು ವೈದ್ಯಕೀಯ ಶಿಕ್ಷಣವನ್ನು ಏಕೆ ಆರಿಸಿಕೊಂಡಿದ್ದೀರಿ? ಕೆಳಗೆ ಅವಳು ದುಂಡಾದ ಅಕ್ಷರಗಳಲ್ಲಿ, ಬಡವರ ಸೇವೆ ಮಾಡಿ ಸಮಾಜಕ್ಕೆ ಕೀರ್ತಿ ತರುವುದಕ್ಕಾಗಿ ಎಂದು ಬರೆದಿದ್ದಳು. ಉತ್ತರ ಚೆನ್ನಾಗಿಯೇ ಇತ್ತು. ಆದರೆ ಅದು ಅವಳದಾಗಿರಲಿಲ್ಲ. ನಾನು ಲೇಖನಿಯನ್ನು ಕೆಳಗಿಟ್ಟು, "ಇದನ್ನು ಯಾರು ಬರೆಯಿಸಿದರು, ಮಗಳೇ?" ಎಂದು ಕೇಳಿದೆ. ಅವಳು ತಲೆ ತಗ್ಗಿಸಿ, "ಎಲ್ಲರೂ ಹೀಗೆಯೇ ಬರೆಯುತ್ತಾರೆ, ಫಾದರ್" ಎಂದಳು.

ಎಲ್ಲರೂ ಹೀಗೆಯೇ ಬರೆಯುತ್ತಾರೆ. ಬರೆಯದೆ ಉಳಿಯುವ ಕಾರಣಗಳು ಬೇರೆ. ವೈದ್ಯನಿಗೆ ಮರ್ಯಾದೆಯುಂಟು, ವರಮಾನವುಂಟು, ಮದುವೆಯ ಮಾತುಕತೆಯಲ್ಲಿ ತೂಕವುಂಟು. ತಂದೆಗೆ ಸಾಧ್ಯವಾಗದುದನ್ನು ಮಗ ಸಾಧಿಸಬೇಕೆಂಬ ಆಸೆಯುಂಟು. ಇವು ಯಾವುವೂ ಪಾಪವೆಂದು ನಾನು ಹೇಳಲಾರೆ. ಬಲೆ ಹೊತ್ತು ಮಕ್ಕಳನ್ನು ಓದಿಸಿದ ತಂದೆ ಮಗನ ಮನೆಗೆ ಹೆಂಚಿನ ಬದಲು ತಾರಸಿಯನ್ನು ಬಯಸಿದರೆ ತಪ್ಪೇನು? ಆದರೆ ಇವುಗಳ ಬಲ ಎಷ್ಟು ದೂರ ಸಾಗೀತೆಂದು ಯೋಚಿಸಿರಿ. ಮೊದಲು 720 ಅಂಕಗಳ ನೀಟ್ ಪರೀಕ್ಷೆ. ಅನಂತರ ನಾಲ್ಕೂವರೆ ವರ್ಷಗಳ ವ್ಯಾಸಂಗ. ಅದರ ಮೇಲೆ ಒಂದು ವರ್ಷ ಆಸ್ಪತ್ರೆಯಲ್ಲಿ ಹಗಲಿರುಳೆನ್ನದ ತರಬೇತಿ. ನಡುರಾತ್ರಿಯಲ್ಲಿ ಗಾಯದ ದುರ್ಗಂಧ ಮೂಗಿಗೆ ಬಡಿಯುವಾಗ ಮರ್ಯಾದೆಯ ಆಸೆ ಕೈ ಹಿಡಿಯುವುದಿಲ್ಲ. ಆಗ ಬೇರೊಂದು ಕಾರಣ ಒಳಗಿರಬೇಕು.

ಇಲ್ಲಿ ನನ್ನದೊಂದು ತಪ್ಪನ್ನು ನಿಮ್ಮ ಮುಂದೆ ಒಪ್ಪಿಕೊಳ್ಳುತ್ತೇನೆ. ನಾನು ಗುರುಮಠದಿಂದ ಹೊರಬಂದು ಕೆಲವೇ ವರ್ಷಗಳಾಗಿದ್ದವು. ಆಗ ನಾನಿದ್ದ ಬೇರೊಂದು ಧರ್ಮಕೇಂದ್ರದಲ್ಲಿ ಒಬ್ಬ ಹುಡುಗನಿಗೆ ಶಾಲೆಯ ಮಾಸ್ತರನಾಗುವ ಆಸೆಯಿತ್ತು. ತಂದೆಗೆ ಮಗನು ಡಾಕ್ಟರನೇ ಆಗಬೇಕು. ಅವರು ನನ್ನ ಬಳಿ ಬಂದು, ನೀವೊಂದು ಮಾತು ಹೇಳಿರಿ ಎಂದರು. ನಾನು ಹುಡುಗನನ್ನು ಕೇಳಲಿಲ್ಲ, ಅವನಿಗೆ ಹೇಳಿದೆ. ತಂದೆಯ ಮಾತನ್ನು ಪಾಲಿಸುವುದೇ ದೇವರ ಇಚ್ಛೆ ಎಂದುಬಿಟ್ಟೆ. ಎರಡು ಸಲ ಪರೀಕ್ಷೆಗೆ ಕುಳಿತು ಎರಡು ಸಲವೂ ಸೋತ ಆ ಹುಡುಗನು ಹಲವು ವರ್ಷ ಇಗರ್ಜಿಯ ಮೆಟ್ಟಿಲು ಹತ್ತಲಿಲ್ಲ. ದೇವಕರೆ ಎಂಬುದು ಗುರುಗಳಿಗೂ ಕನ್ಯಾಸ್ತ್ರೀಯರಿಗೂ ಮಾತ್ರ ಸಲ್ಲುವ ಮಾತೆಂದು ಅಂದು ತಿಳಿದಿದ್ದೆ. ಮಾಸ್ತರನಿಗೂ ಕರೆಯಿದೆ, ವೈದ್ಯನಿಗೂ ಕರೆಯಿದೆ; ಒಬ್ಬನ ಕರೆಯನ್ನು ಇನ್ನೊಬ್ಬನು ಕೇಳಿಸಿಕೊಳ್ಳಲಾಗದು.

ಇನ್ನು ಆ ಹುಡುಗಿಯ ವಿಷಯಕ್ಕೆ ಬರುತ್ತೇನೆ. ಅವಳ ತಂದೆ ಮೀನುಗಾರಿಕೆಯವರು. ಮೂರು ವರ್ಷಗಳ ಹಿಂದೆ ಮಳೆಗಾಲದ ಒಂದು ರಾತ್ರಿ ಅವರಿಗೆ ಎದೆನೋವು ಕಾಣಿಸಿಕೊಂಡಿತು. ಹತ್ತಿರದ ಆಸ್ಪತ್ರೆಯಲ್ಲಿ, ಇಲ್ಲಿ ಆಗುವುದಿಲ್ಲ, ಮುಂದಕ್ಕೆ ಒಯ್ಯಿರಿ ಎಂದರು. ಎರಡನೆಯ ಕಡೆಯಲ್ಲಿಯೂ ಅದೇ ಮಾತು. ನಾನು ಅದೇ ವಾಹನದಲ್ಲಿದ್ದೆ. ದಾರಿಯಲ್ಲಿಯೇ ಅವರಿಗೆ ಅಭ್ಯಂಗ ಸಂಸ್ಕಾರವನ್ನು ನೀಡಿದೆ. ದೊಡ್ಡ ಆಸ್ಪತ್ರೆಯನ್ನು ತಲುಪುವ ಹೊತ್ತಿಗೆ ಮೂರು ಗಂಟೆಗೂ ಹೆಚ್ಚು ಕಳೆದಿತ್ತು. ಬೆಳಗಾಗುವ ಮುನ್ನ ಅವರು ತೀರಿಕೊಂಡರು.

ಆ ರಾತ್ರಿಯ ಸಿಟ್ಟೇ ಈ ಮಗುವನ್ನು ವೈದ್ಯವೃತ್ತಿಯ ಕಡೆಗೆ ತಳ್ಳಿರಬೇಕೆಂದು ನಾನು ಭಾವಿಸಿದ್ದೆ. ಹಾಗೆಂದೇ ಕೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಹೀಗೆ ಹೇಳಿದಳು: "ಸಿಟ್ಟು ಇತ್ತು, ಫಾದರ್. ಆದರೆ ಅದಲ್ಲ. ಆ ಬೆಳಗ್ಗೆ ಒಬ್ಬ ಚಿಕ್ಕ ಡಾಕ್ಟರಮ್ಮ ಹೊರಗೆ ಬಂದರು. ಅಮ್ಮ ನೆಲದ ಮೇಲೆ ಕುಳಿತಿದ್ದಳು. ಅವರೂ ಪಕ್ಕದಲ್ಲಿ ನೆಲದ ಮೇಲೆಯೇ ಕುಳಿತು, ಕೈ ಹಿಡಿದುಕೊಂಡು, ನಮ್ಮ ಕೊಂಕಣಿಯಲ್ಲಿಯೇ ಎಲ್ಲವನ್ನೂ ಹೇಳಿದರು. ಏನಾಯಿತು, ಏನು ಮಾಡಿದೆವು, ಏಕೆ ಆಗಲಿಲ್ಲ ಎಂದು. ಅಪ್ಪನಿಗೆ ಕೊನೆಯಲ್ಲಿ ನೋವಿರಲಿಲ್ಲ ಎಂದರು. ಅಮ್ಮ ಇಂದಿಗೂ ಆ ಮಾತನ್ನೇ ಹೇಳಿಕೊಳ್ಳುತ್ತಾಳೆ. ನನಗೆ ಹಾಗೆ ಹೇಳಬಲ್ಲವಳಾಗಬೇಕು."

"ಹಾಗಾದರೆ ಅದನ್ನೇಕೆ ಬರೆಯಲಿಲ್ಲ?" ಎಂದೆ. "ಅದು ಬರೆಯುವಂಥದ್ದೇ, ಫಾದರ್?" ಎಂದಳು. ಹೊಸ ಹಾಳೆಯನ್ನು ಕೊಟ್ಟೆ. ಅವಳು ಅದನ್ನೇ ಬರೆದಳು. ನಾನು ಸಹಿ ಹಾಕಿದೆ.

ಪ್ರಿಯರೇ, ಅಂದು ನಾನು ಕಲಿತುದು ಇಷ್ಟು. ನಿಜವಾದ ಪ್ರೇರಣೆ ಸಾಮಾನ್ಯವಾಗಿ ದೊಡ್ಡ ಮಾತಾಗಿ ಬರುವುದಿಲ್ಲ. ಅದು ಒಂದು ಮುಖವಾಗಿ, ಒಂದು ರಾತ್ರಿಯಾಗಿ, ಒಂದು ಓದಾಗಿ ಬರುತ್ತದೆ. ಆಸ್ಟ್ರೇಲಿಯದ ಮೆಲ್ಬೋರ್ನ್ ನಗರದಲ್ಲಿ ಮೇರಿ ಗ್ಲೌರಿ ಎಂಬ ತರುಣ ವೈದ್ಯೆಯಿದ್ದರು. 1915ರಲ್ಲಿ ಅವರ ಕೈಗೆ ಒಂದು ಚಿಕ್ಕ ಪುಸ್ತಿಕೆ ಬಂದಿತು. ಭಾರತದ ಮಹಿಳೆಯರ ಆರೋಗ್ಯಕ್ಕಾಗಿ ಶ್ರಮಿಸಿದ ಆಗ್ನೆಸ್ ಮೆಕ್ಲಾರೆನ್ ಎಂಬ ವೈದ್ಯೆಯ ಬಾಳಿನ ಕಥೆ ಅದರಲ್ಲಿತ್ತು. ಅದನ್ನೋದಿದ ಮೇರಿ, 1920ರಲ್ಲಿ ಹಡಗು ಹತ್ತಿ ಬಂದು ಆಂಧ್ರದ ಗುಂಟೂರಿನಲ್ಲಿ ಧರ್ಮಭಗಿನಿಯಾಗಿ, ವೈದ್ಯೆಯಾಗಿ ನೆಲಸಿದರು. 1943ರಲ್ಲಿ ನಮ್ಮ ದೇಶದ ಕಥೋಲಿಕ ಆಸ್ಪತ್ರೆಗಳ ಸಂಘವನ್ನು ಕಟ್ಟಿದರು. ಕಥೋಲಿಕ ವೈದ್ಯಕೀಯ ಕಾಲೇಜೊಂದು ಆಗಬೇಕೆಂಬುದು ಅವರ ಕನಸಾಗಿತ್ತು. 1957ರಲ್ಲಿ ಅವರು ಬೆಂಗಳೂರಿನಲ್ಲಿ ದೈವಾಧೀನರಾದರು. 1963ರಲ್ಲಿ ಅದೇ ಬೆಂಗಳೂರಿನಲ್ಲಿ ಸಂತ ಜಾನರ ವೈದ್ಯಕೀಯ ಕಾಲೇಜು ಆರಂಭವಾಯಿತು.

ನಮಗೆ ಹತ್ತಿರದ ಮಂಗಳೂರನ್ನು ನೋಡಿರಿ. ಜರ್ಮನಿಯಿಂದ ಬಂದ ಯೇಸುಸಭೆಯ ಗುರು ಅಗಸ್ಟಸ್ ಮುಲ್ಲರ್ 1880ರಲ್ಲಿ ಕಂಕನಾಡಿಯ ಆಲದ ಮರದಡಿಯಲ್ಲಿ ಹೋಮಿಯೋಪಥಿ ಔಷಧಿಗಳನ್ನು ಹಂಚಲಾರಂಭಿಸಿದರು. ಹತ್ತು ವರ್ಷಗಳ ಅನಂತರ, ಊರವರು ದೂರವಿಟ್ಟ ಕುಷ್ಠರೋಗಿಗಳಿಗಾಗಿ ಆಶ್ರಯವನ್ನು ಕಟ್ಟಿದರು. ಇಂದು ಅಲ್ಲಿ ವೈದ್ಯಕೀಯ ಕಾಲೇಜೇ ಇದೆ. ಮೊದಲು ಇದ್ದುದು ಮರದ ನೆರಳು ಮತ್ತು ಬಾಗಿಲ ಬಳಿ ನಿಂತ ರೋಗಿ ಮಾತ್ರ.

ಈಗ ನಮ್ಮ ಕರಾವಳಿಯ ಸ್ಥಿತಿಯನ್ನು ನೆನೆಯೋಣ. ಭಟ್ಕಳದಿಂದ ಮಣಿಪಾಲಕ್ಕೆ ಸುಮಾರು 90 ಕಿಲೋಮೀಟರು, ಹೊನ್ನಾವರದಿಂದ ಸುಮಾರು 130, ಕುಮಟಾದಿಂದ 150ರ ಸಮೀಪ. ಮಂಗಳೂರು ಇನ್ನೂ ದೂರ. ಹುಬ್ಬಳ್ಳಿಗೆ ಹೋಗಬೇಕಾದರೆ ಘಟ್ಟ ಹತ್ತಬೇಕು. 2016ರಲ್ಲಿ ಕಾರವಾರದಲ್ಲಿ ಸರಕಾರಿ ವೈದ್ಯಕೀಯ ಕಾಲೇಜು ಪ್ರಾರಂಭವಾಯಿತು. ಅದು ಸಂತೋಷದ ಸಂಗತಿ. ಆದರೂ ಎಲ್ಲ ಸೌಕರ್ಯಗಳುಳ್ಳ ಆಸ್ಪತ್ರೆ ಬೇಕೆಂದು ಜಿಲ್ಲೆಯ ಯುವಜನರು 2019ರಲ್ಲಿ ದೊಡ್ಡ ದನಿಯೆತ್ತಬೇಕಾಯಿತು. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಅಂಬುಲೆನ್ಸ್ ಮಳೆಯಲ್ಲಿ ಶಿರೂರಿನ ಟೋಲ್ ಗೇಟಿನ ಬಳಿ ಉರುಳಿ ನಾಲ್ವರು ಪ್ರಾಣ ಕಳೆದುಕೊಂಡುದನ್ನು ನಾವಾರೂ ಮರೆತಿಲ್ಲ. ಜೀವ ಉಳಿಸಲು ಹೊರಟವರು ದಾರಿಯಲ್ಲಿಯೇ ಹೋದರು.

ಇದು ಸರಕಾರ ಮಾಡಬೇಕಾದ ಕೆಲಸ. ಅದನ್ನು ಕೇಳುವ ಹಕ್ಕು ನಮಗಿದೆ. ಆದರೆ ಕಟ್ಟಡವೆದ್ದ ಮಾತ್ರಕ್ಕೆ ಆಸ್ಪತ್ರೆಯಾಗದು. ಅದರೊಳಗೆ ರಾತ್ರಿ ಎರಡು ಗಂಟೆಗೆ ಎಚ್ಚರವಿರುವವರು ಬೇಕು. ನಮ್ಮ ಮಕ್ಕಳೇ ವೈದ್ಯರಾಗಿ ದೂರದ ನಗರಗಳಲ್ಲಿಯೇ ಉಳಿದರೆ ಇಲ್ಲಿಗೆ ಬರುವವರು ಯಾರು? ಎಲ್ಲರೂ ಹಿಂದಿರುಗಿ ಬರಬೇಕೆಂದು ನಾನು ಕಟ್ಟು ಹಾಕಲಾರೆ. ಸಾಲ ತೀರಿಸಬೇಕು, ಸಂಸಾರ ಸಾಕಬೇಕು. ಅವರವರ ಕಷ್ಟ ಅವರವರಿಗೆ ಗೊತ್ತು. ಆದರೆ ಓದಲು ಹೊರಡುವ ದಿನವೇ, ನನ್ನ ದಾರಿಯನ್ನು ಕಾಯುವವರು ಎಲ್ಲಿದ್ದಾರೆ ಎಂಬ ಪ್ರಶ್ನೆಯನ್ನು ಜೊತೆಯಲ್ಲಿ ಕೊಂಡೊಯ್ಯಿರಿ ಎಂದು ಮಾತ್ರ ಬೇಡುತ್ತೇನೆ.

ಪಾಲಕರಿಗೆ ಒಂದು ಮಾತು. ನೀಟ್ ಪರೀಕ್ಷೆಯಲ್ಲಿ ಅಂಕ ಕಡಿಮೆಯಾದ ಮಗುವಿನ ಕರುಣೆ ಕಡಿಮೆಯಾಗಿರುವುದಿಲ್ಲ. ಹೊನ್ನಾವರ, ಸಿದ್ದಾಪುರಗಳ ಕಾಡಂಚಿನಲ್ಲಿ ಮಂಗನ ಕಾಯಿಲೆ ಕಾಣಿಸಿಕೊಂಡಾಗ ಮನೆಮನೆಗೆ ನಡೆದು ಜ್ವರ ವಿಚಾರಿಸುವವರು ಹೆಚ್ಚಾಗಿ ಆಶಾ ಕಾರ್ಯಕರ್ತೆಯರು, ಆರೋಗ್ಯ ಸಹಾಯಕರು. ರೋಗಿಯ ತಲೆದಿಂಬನ್ನು ಸರಿಪಡಿಸುವವಳು ದಾದಿ. ರಕ್ತವನ್ನು ಪರೀಕ್ಷಿಸುವವನು ಪ್ರಯೋಗಾಲಯದ ತಂತ್ರಜ್ಞ. ಒಂದು ಬಾಗಿಲು ಮುಚ್ಚಿತೆಂದು ಮಗುವನ್ನು ಹಂಗಿಸಬೇಡಿರಿ. ದಯಾವಂತ ಸಮಾರಿತನ ಸಾಮತಿಯನ್ನು ನೆನಪಿಸಿಕೊಳ್ಳಿರಿ. ಅವನು ವೈದ್ಯನಾಗಿರಲಿಲ್ಲ, ದಾರಿಹೋಕನಾಗಿದ್ದನು. ಕೈಯಲ್ಲಿದ್ದ ಎಣ್ಣೆಯನ್ನೂ ದ್ರಾಕ್ಷಾರಸವನ್ನೂ ಗಾಯಕ್ಕೆ ಸುರಿದನು. ಛತ್ರದವನಿಗೆ ಹಣವನ್ನೂ ಕೊಟ್ಟನು. ಆ ಹಣವನ್ನು ನಾವು ಮರೆಯಬಾರದು.

ಆದುದರಿಂದ ನನ್ನ ಕೊನೆಯ ಮಾತು ಈ ಧರ್ಮಕೇಂದ್ರಕ್ಕೆ. ಶತಮಾನೋತ್ಸವದ ಖರ್ಚು ಕಳೆದು ಉಳಿಯುವ ಹಣದಿಂದ ಮುಖಮಂಟಪಕ್ಕೆ ಹೊಸ ಹಾಸುಗಲ್ಲು ಹಾಕಿಸಬೇಕೆಂಬ ಸಲಹೆ ಬಂದಿದೆ. ಹಾಸುಗಲ್ಲು ಮುಂದಿನ ವರ್ಷವೂ ಆದೀತು. ಆ ಹಣವನ್ನು ವೈದ್ಯಕೀಯ ಮತ್ತು ದಾದಿಯರ ಶಿಕ್ಷಣಕ್ಕೆ ಹೋಗುವ ಬಡ ಮಕ್ಕಳ ನಿಧಿಯಾಗಿ ಇಡಬೇಕೆಂದು ನಾನು ಸಮಿತಿಯವರನ್ನು ವಿನಂತಿಸುತ್ತೇನೆ. ಅರ್ಜಿಯಲ್ಲಿ ಒಂದೇ ಪ್ರಶ್ನೆಯಿರಲಿ: ಏಕೆ? ಉತ್ತರದಲ್ಲಿ ದೊಡ್ಡ ಮಾತುಗಳು ಬೇಡ. ನಡೆದುದನ್ನು ಬರೆದರೆ ಸಾಕು.

ವೈದ್ಯನೇ ಆಗಿದ್ದ ಸಂತ ಲೂಕರು ನಮ್ಮ ಮಕ್ಕಳಿಗಾಗಿ ಪ್ರಾರ್ಥಿಸಲಿ. ರೋಗಿಗಳನ್ನು ಮುಟ್ಟಿ ಗುಣಪಡಿಸಿದ ಪ್ರಭು, ನೊಂದವರ ಪಕ್ಕದಲ್ಲಿ ನೆಲದ ಮೇಲೆ ಕುಳಿತುಕೊಳ್ಳುವ ಮನಸ್ಸನ್ನು ಅವರಿಗೆ ದಯಪಾಲಿಸಲಿ.